ಮನೆ ಮಾರುವ ಮುಂಚೆ ಯಾವ ಕೆಲಸಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಶಿವಮೊಗ್ಗದಲ್ಲಿ ನಾನು ಮನೆ ರಿಪೇರಿ ಕೆಲಸ ಹಿಡಿಯುತ್ತೇನೆ. ಹುಟ್ಟೂರು ತೀರ್ಥಹಳ್ಳಿ ಕಡೆ. ಹಾಗಾಗಿ ಹೆಂಚಿನ ಮನೆಯ ಕಷ್ಟವೂ ಗೊತ್ತು, ತಾರಸಿ ಮನೆಯ ಕಷ್ಟವೂ ಗೊತ್ತು. ದೀಪಾವಳಿ ಮುಗಿದು ಮಳೆ ಪೂರ್ತಿ ಬಿಟ್ಟ ಮೇಲೆ ಬರುವ ಫೋನುಗಳಲ್ಲಿ ಕೆಲವು ಹೀಗಿರುತ್ತವೆ: "ಮನೆ ಮಾರೋಣ ಅಂತಿದ್ದೇವೆ. ಒಂದ್ಸಲ ಬಂದು ನೋಡಿ, ಏನೇನು ಮಾಡಿಸಿದ್ರೆ ಒಳ್ಳೆ ರೇಟು ಬರುತ್ತೆ ಹೇಳಿ." ಹೋಗಿ ನೋಡಿದರೆ ಅವರ ಹತ್ತಿರ ಆಗಲೇ ಪಟ್ಟಿ ರೆಡಿ ಇರುತ್ತದೆ. ಮಾಡ್ಯುಲರ್ ಕಿಚನ್, ಹಾಲಿಗೆ ಫಾಲ್ಸ್ ಸೀಲಿಂಗ್, ಸ್ಟೀಲ್ ಗೇಟು, ಅಂಗಳಕ್ಕೆ ಇಂಟರ್‌ಲಾಕ್. ಅದರಲ್ಲಿ ಮುಕ್ಕಾಲು ಪಾಲು ಬೇಡ ಅಂತ ನಾನೇ ಹೇಳುತ್ತೇನೆ. ಕೆಲಸದಿಂದಲೇ ಹೊಟ್ಟೆ ಹೊರೆಯುವವನು ಕೆಲಸ ಬೇಡ ಅಂದರೆ ಜನಕ್ಕೆ ಅನುಮಾನ ಬರುತ್ತದೆ. ಬರಲಿ.

ನನ್ನ ಲೆಕ್ಕ ಸರಳ. ಹೊಸ ಅಡುಗೆಮನೆ ನೋಡಿ ಖುಷಿಪಟ್ಟು ಎರಡು ಲಕ್ಷ ಜಾಸ್ತಿ ಕೊಟ್ಟವರನ್ನು ನಾನು ನಮ್ಮ ಕಡೆ ಕಂಡಿಲ್ಲ. ಆದರೆ ಸೂರಿನ ಮೂಲೆಯಲ್ಲಿ ಒಂದು ಕಪ್ಪು ಕಲೆ ಕಂಡು ನಾಲ್ಕು ಲಕ್ಷ ಇಳಿಸಿ ಕೇಳಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಆ ಕಲೆ ಸರಿಮಾಡಲು ಮೂವತ್ತು ಸಾವಿರ ಸಾಕಾಗಿತ್ತು. ಕೊಳ್ಳುವವರಿಗೆ ಆ ಲೆಕ್ಕ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಖರ್ಚನ್ನು ಮನುಷ್ಯ ಯಾವಾಗಲೂ ದೊಡ್ಡದಾಗಿಯೇ ಊಹಿಸುತ್ತಾನೆ. ಹಾಗಾಗಿ ಪ್ರತಿ ಕೆಲಸಕ್ಕೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಮಾಡಿಸದೆ ಹಾಗೇ ಬಿಟ್ಟರೆ, ನೋಡಲು ಬಂದವರು ಎಷ್ಟು ಇಳಿಸಿ ಕೇಳಬಹುದು? ಆ ಮೊತ್ತಕ್ಕಿಂತ ಖರ್ಚು ಕಡಿಮೆ ಇದ್ದರೆ ಮಾಡಿಸಿ. ಇಲ್ಲದಿದ್ದರೆ ಬಿಟ್ಟುಬಿಡಿ.

ಮನೆ ಮಾರುತ್ತಿದ್ದೀರಾ, ಸೈಟು ಮಾರುತ್ತಿದ್ದೀರಾ?

ಇದು ಮೊದಲು ತೀರ್ಮಾನ ಆಗಬೇಕು. ಶಿವಮೊಗ್ಗದ ದುರ್ಗಿಗುಡಿ, ನೆಹರು ರಸ್ತೆ, ಗಾಂಧಿ ಬಜಾರ್ ಸುತ್ತಮುತ್ತ ನಲವತ್ತು ಐವತ್ತು ವರ್ಷದ ಮನೆ ಇದ್ದರೆ, ಕೊಳ್ಳುವವರು ಬಹುತೇಕ ಅದನ್ನು ಕೆಡವಿ ಕಟ್ಟುವವರೇ. ಅವರಿಗೆ ಬೇಕಾಗಿರುವುದು ಅಳತೆ, ರಸ್ತೆಯ ಅಗಲ, ಕಾಗದಪತ್ರ. ಅಂಥ ಮನೆಗೆ ಬಣ್ಣ ಹೊಡೆಸುವುದು ಸುಮ್ನೆ ದಂಡ. ಕಸ ತೆಗೆಸಿ, ಸೈಟಿನ ನಾಲ್ಕು ಮೂಲೆ ಕಾಣುವ ಹಾಗೆ ಮಾಡಿ, ಸಾಕು.

ಬ್ಯಾಂಕಿನವರು ಬೆಲೆ ಕಟ್ಟುವ ರೀತಿಯೂ ಇದನ್ನೇ ಹೇಳುತ್ತದೆ. ಸಾಲಕ್ಕೆ ಅರ್ಜಿ ಹಾಕಿದ ಮೇಲೆ ಅವರ ವ್ಯಾಲ್ಯುಯರ್ ಬಂದು ಜಾಗಕ್ಕೆ ಒಂದು ಬೆಲೆ, ಕಟ್ಟಡಕ್ಕೆ ಇನ್ನೊಂದು ಬೆಲೆ ಹಾಕುತ್ತಾರೆ. ಕಟ್ಟಡದ್ದು ಚದರಡಿ ಲೆಕ್ಕ. ವಯಸ್ಸಿಗೆ ತಕ್ಕ ಹಾಗೆ ಸವಕಳಿ ಕಳೆಯುತ್ತಾರೆ. ನೀವು ಹಾಲಿಗೆ ಅಂಟಿಸಿದ ವಾಲ್‌ಪೇಪರು ಆ ಕಾಗದದಲ್ಲಿ ಎಲ್ಲೂ ಬರುವುದಿಲ್ಲ. ಲೈಸೆನ್ಸ್ ಇಲ್ಲದೆ ತಾರಸಿ ಮೇಲೆ ಕಟ್ಟಿಸಿದ ರೂಮೂ ಬರುವುದಿಲ್ಲ. "ಮೇಲೊಂದು ರೂಮು ಹಾಕಿಸಿದ್ರೆ ಬಾಡಿಗೆ ಮನೆ ಅಂತ ತೋರಿಸಬಹುದು ಅಲ್ವಾ?" ಅಂತ ಕೇಳುವವರಿಗೆ ನನ್ನ ಉತ್ತರ: ಮಾರುವ ಯೋಚನೆ ಬಂದ ಮೇಲೆ ಹೊಸ ರೂಮು ಕಟ್ಟಿಸಲು ಹೋಗಬೇಡಿ.

ಹಾಗೆ ನೋಡಿದರೆ ಮೊದಲ ರಿಪೇರಿ ಗೋಡೆಯದ್ದಲ್ಲ, ಕಾಗದದ್ದು. ಈಗ ಇ-ಖಾತೆ (ಆಸ್ತಿ ಯಾರ ಹೆಸರಿನಲ್ಲಿದೆ ಅನ್ನುವ ಆನ್‌ಲೈನ್ ದಾಖಲೆ) ಇಲ್ಲದೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮುಂದಕ್ಕೆ ಹೋಗುವುದಿಲ್ಲ. ಊರೊಳಗಿನ ಮನೆಗೆ ಪಾಲಿಕೆ ಇಲ್ಲವೇ ಪಟ್ಟಣ ಪಂಚಾಯಿತಿಯ ಇ-ಖಾತೆ ಬೇಕು. ಹಳ್ಳಿ ಮನೆಗೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು, ನಮೂನೆ 9 ಮತ್ತು 11. ಖಾತೆ ಇನ್ನೂ ತೀರಿಹೋದ ಅಪ್ಪಯ್ಯನ ಹೆಸರಿನಲ್ಲೇ ಇದ್ದರೆ, ಮೀಟರಿನ ಆರ್‌ಆರ್ ನಂಬರ್ ಅಜ್ಜನ ಹೆಸರಿನಲ್ಲಿದ್ದರೆ, ಕಂದಾಯ ಬಾಕಿ ಇದ್ದರೆ, ಪೇಂಟರ್‌ಗೆ ಫೋನ್ ಮಾಡುವ ಮುಂಚೆ ಇವನ್ನು ಮುಗಿಸಿ. ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ. ಎಷ್ಟೋ ಮನೆಗಳು ತೋಟದೊಳಗೇ ಇವೆ, ಪಹಣಿಯಲ್ಲಿ ಅದು ಬರೀ ಜಮೀನು. ಶರಾವತಿ ಅಣೆಕಟ್ಟಿನ ಮುಳುಗಡೆಯಲ್ಲಿ ಊರು ಕಳೆದುಕೊಂಡವರಿಗೆ ಕೊಟ್ಟ ಜಾಗಗಳಲ್ಲಿ ಹಕ್ಕುಪತ್ರದ ತಕರಾರು ಇನ್ನೂ ಎಳೆದಾಡುತ್ತಿರುವ ಕಡೆಗಳೂ ಇವೆ. ಅಂಥಲ್ಲಿ ಮೊದಲು ವಕೀಲರ ಹತ್ತಿರ ಹೋಗಿ.

ನೀರು ಎಲ್ಲಿಂದ ಬರುತ್ತಿದೆ?

ನಮ್ಮ ಕಡೆ ಮನೆ ನೋಡಲು ಬಂದವರು ನೆಲ ನೋಡುವುದಿಲ್ಲ, ತಲೆ ಎತ್ತಿ ಸೂರು ನೋಡುತ್ತಾರೆ. ಅದರಲ್ಲೂ ಹೊಸನಗರ, ತೀರ್ಥಹಳ್ಳಿ ಕಡೆಯವರಾದರೆ ಚಪ್ಪಲಿ ಬಿಡುವ ಮುಂಚೆಯೇ ಸಜ್ಜಾದ ಕೆಳಗೆ ಕಣ್ಣು ಹಾಯಿಸಿರುತ್ತಾರೆ. ಹಾಗಾಗಿ ನಿಮ್ಮ ದುಡ್ಡಿನಲ್ಲಿ ದೊಡ್ಡ ಪಾಲು ಇಲ್ಲಿಗೇ ಹೋಗಲಿ.

ವಿನೋಬನಗರದಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಮನೆ ಮಾರಿ ಬೆಂಗಳೂರಿಗೆ ಮಗನ ಹತ್ತಿರ ಹೋಗುವವರು. ಯಾರೋ ಬಂದು, "ತಾರಸಿ ಪೂರ್ತಿ ಒಡೆದು ಹೊಸದಾಗಿ ಮಾಡಬೇಕು" ಅಂತ ಹೆದರಿಸಿ ಹೋಗಿದ್ದರು.

"ಎಂತ ಮಾಡೋದು ಮಾರಾಯ್ರೇ, ರೂಮಿನ ಮೂಲೆಯಲ್ಲಿ ಪ್ರತಿ ವರ್ಷ ಪುನರ್ವಸು ಮಳೆಗೆ ಸರಿಯಾಗಿ ತೇವ ಏಳುತ್ತೆ" ಅಂದರು.

"ಮೇಷ್ಟ್ರೇ, ಮೊದಲು ನೀರು ಕಟ್ಟಿ ನೋಡೋಣ. ಆಮೇಲೆ ಒಡೆಯೋ ಮಾತು" ಅಂದೆ.

ನೀರು ಕಟ್ಟುವುದು ಅಂದರೆ ಹೀಗೆ. ತಾರಸಿ ಗುಡಿಸಿ, ನೀರು ಇಳಿಯುವ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಒಂದೆರಡು ಇಂಚು ನೀರು ನಿಲ್ಲಿಸಬೇಕು. ಕೆಳಗೆ ರೂಮಿನಲ್ಲಿ ಹಳೆಯ ಕಲೆಯ ಅಂಚಿಗೆ ಚಾಕ್‌ಪೀಸಿನಿಂದ ಗೆರೆ ಎಳೆಯಬೇಕು. 24 ಗಂಟೆ ಬಿಟ್ಟು ನೋಡಿದಾಗ ತೇವ ಗೆರೆ ದಾಟಿದ್ದರೆ ನೀರು ಮೇಲಿನಿಂದಲೇ ಬರುತ್ತಿದೆ. ದಾಟದಿದ್ದರೆ ಬೇರೆ ಕಡೆ ಹುಡುಕಬೇಕು. ಮೇಷ್ಟ್ರ ಮನೆಯಲ್ಲಿ ಗೆರೆ ದಾಟಲಿಲ್ಲ. ಆಮೇಲೆ ಹೊರಗಿನಿಂದ ಪ್ಯಾರಾಪೆಟ್ ಗೋಡೆಗೆ (ತಾರಸಿ ಅಂಚಿನ ಗಿಡ್ಡ ಗೋಡೆಗೆ) ಪೈಪ್ ಹಿಡಿದು ನೀರು ಬಿಟ್ಟೆವು. ಅರ್ಧ ಗಂಟೆಯಲ್ಲಿ ಒಳಗಿನ ಮೂಲೆ ಬೆವರತೊಡಗಿತು. ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆಯಲ್ಲಿ, ನಾವು ನಿಲ್ಲಿಸಿದ ನೀರು ಮುಟ್ಟದಷ್ಟು ಮೇಲೆ, ಕೂದಲೆಳೆಯಷ್ಟು ಬಿರುಕು ಉದ್ದಕ್ಕೂ ಓಡಿತ್ತು. ಅದನ್ನು ಬಿಡಿಸಿ, ತುಂಬಿ, ಮೂಲೆಯನ್ನು ಗಾರೆಯಿಂದ ದುಂಡಗೆ ಮುಚ್ಚಿ, ಮೇಲೆ ಎರಡು ವಾಟರ್‌ಪ್ರೂಫ್ ಕೋಟಿಂಗ್ ಹೊಡೆದರೆ ಮುಗಿಯಿತು. ತಾರಸಿ ಒಡೆಯುವ ಪ್ರಮೇಯವೇ ಬರಲಿಲ್ಲ.

ತಾರಸಿ ಪೂರ್ತಿ ಸೋರುವುದು ಅಪರೂಪ. ಸಾಮಾನ್ಯವಾಗಿ ಈ ಮೂಲೆ, ಪೈಪಿನ ಬಾಯಿ, ಇಲ್ಲವೇ ನೀರಿನ ಟ್ಯಾಂಕ್ ಕೂರಿಸಿದ ಕಟ್ಟೆಯ ಬುಡ, ಈ ಮೂರರಲ್ಲಿ ಒಂದು. ಕೋಟಿಂಗ್ ಹೊಡೆಯುವ ಮುಂಚೆ ಪಾಚಿಯನ್ನು ಬ್ಲೀಚಿಂಗ್ ಪೌಡರ್ ನೀರು ಹಾಕಿ ಪೂರ್ತಿ ಉಜ್ಜಿ ತೆಗೆಸಿ. ಮೊದಲ ಕೋಟು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಪಾಚಿ ಮೇಲೆ ಹೊಡೆದ ಕೋಟಿಂಗ್ ಮುಂದಿನ ಆರಿದ್ರಾ ಮಳೆಗೆ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಸೂರಿನಲ್ಲೋ ಸಜ್ಜಾದಲ್ಲೋ ಕಾಂಕ್ರೀಟು ಉದುರಿ ಕಬ್ಬಿಣ ಕಾಣುತ್ತಿದ್ದರೆ ಅದನ್ನೂ ಸರಿಮಾಡಿಸಿ. ಸಡಿಲ ಕಾಂಕ್ರೀಟು ಕೆರೆದು, ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆದು, ತುಕ್ಕು ನಿರೋಧಕ ಬಳಿದು, ಪಾಲಿಮರ್ ಗಾರೆ ತುಂಬಬೇಕು. ಬರೀ ಸಿಮೆಂಟು ಮೆತ್ತಿದರೆ ಒಳಗೆ ತುಕ್ಕು ಊದಿ ಮತ್ತೆ ಉದುರುತ್ತದೆ. ಮಾಡಿಸಿದ ಮೇಲೆ ಮುಚ್ಚಿಡಬೇಡಿ, "ಇಲ್ಲಿ ರಿಪೇರಿ ಮಾಡಿಸಿದ್ದೇವೆ" ಅಂತ ನೀವೇ ಹೇಳಿ. ಅವರ ಎಂಜಿನಿಯರ್ ಬಂದು ಬೆರಳಿನಿಂದ ತಟ್ಟಿ ಕಂಡುಹಿಡಿಯುವುದಕ್ಕಿಂತ ಅದೇ ಮೇಲು.

ತಾರಸಿ ಮೇಲೆ ಟ್ರಸ್ (ಕಬ್ಬಿಣದ ಚೌಕಟ್ಟು) ನಿಲ್ಲಿಸಿ ಶೀಟ್ ಹಾಕಿಸಬೇಕಾ? ಇದಕ್ಕೆ ಊರು ನೋಡಿ ಉತ್ತರ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೇಲೆ ಮಳೆ. ಅಲ್ಲಿಂದ ನೂರು ಕಿಲೋಮೀಟರಿನೊಳಗೇ ಇರುವ ಶಿವಮೊಗ್ಗ ಪೇಟೆಯಲ್ಲಿ ಬೀಳುವುದು ಅದರ ಒಂದು ಸಣ್ಣ ಪಾಲು ಮಾತ್ರ. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಕಡೆ ಶೀಟ್ ಇಲ್ಲದ ತಾರಸಿ ಮನೆ ಅಂದರೆ ಕೊಳ್ಳುವವರು ಆ ಖರ್ಚನ್ನು ಮನಸ್ಸಿನಲ್ಲೇ ಕಳೆದಿಟ್ಟುಕೊಂಡು ಮಾತಿಗೆ ಕೂರುತ್ತಾರೆ. ಮನೆ ಹೆಂಗಸರ ಮೊದಲ ಪ್ರಶ್ನೆಯೇ, "ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸೋದು?" ಅಲ್ಲಿ ಶೀಟಿಗೆ ಹಾಕಿದ ದುಡ್ಡು ಬಹುಪಾಲು ವಾಪಸ್ ಬರುತ್ತದೆ. ಶಿವಮೊಗ್ಗದಲ್ಲಿ ಮಾರುವುದಕ್ಕೋಸ್ಕರ ಶೀಟ್ ಹಾಕಿಸುವ ಅಗತ್ಯ ಇಲ್ಲ. ಕೋಟಿಂಗ್ ಸಾಕು.

ಹೆಂಚಿನ ಮನೆ

ಹೆಂಚಿನ ಮಾಡಾದರೆ ಕೆಲಸ ಬೇರೆ. ಮಂಗ ಓಡಾಡಿ ಒಡೆದ ಹೆಂಚು ಬದಲಿಸಿ. ಹೊಸ ಹೆಂಚು ತರುವ ಮುಂಚೆ ಹಳೆಯದೊಂದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಒಂದು ಕಾರ್ಖಾನೆಯ ಹೆಂಚಿನ ಕಚ್ಚು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ, ಸಂದಿಯಲ್ಲಿ ನೀರು ಬರುತ್ತದೆ. ಹಳೇ ಮನೆ ಕೆಡವಿದ ಕಡೆ ಕೇಳಿದರೆ ಅದೇ ಅಚ್ಚಿನದ್ದು ಸಿಗುವುದುಂಟು. ಹೆಂಚು ತೆಗೆದಾಗ ರೀಪು (ಹೆಂಚು ಕೂರುವ ಮರದ ಪಟ್ಟಿ), ಪಕ್ಕಾಸು (ಅದನ್ನು ಹೊರುವ ಇಳಿಜಾರು ಮರ) ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಗಟ್ಟಿ ಮರ ಠಣ್ ಅನ್ನುತ್ತದೆ, ಒರಲೆ ತಿಂದದ್ದು ಬೊಡ್ಡು ಸದ್ದು ಕೊಡುತ್ತದೆ. ತಿಂದ ತುಂಡುಗಳನ್ನು ಮಾತ್ರ ಬದಲಿಸಿ. ಗೋಡೆಯ ಬುಡದಲ್ಲಿ ಮಣ್ಣಿನ ಗೆರೆ ಕಂಡರೆ ಒರಲೆ ಔಷಧಿ ಹೊಡೆಸಿ. ಸರಿಯಾಗಿ ಮಾಡುವವರು ಗೋಡೆ ನೆಲಕ್ಕೆ ಕೂಡುವ ಕಡೆ ಅಡಿಗೊಂದರಂತೆ ತೂತು ಕೊರೆದು ಔಷಧಿ ತುಂಬುತ್ತಾರೆ, ಬರೀ ಮೇಲ್ಮೈಗೆ ಸ್ಪ್ರೇ ಮಾಡಿ ಹೋಗುವುದಿಲ್ಲ. ಅವರು ಕೊಡುವ ಗ್ಯಾರಂಟಿ ಕಾರ್ಡನ್ನು ಕೊಳ್ಳುವವರಿಗೆ ತೋರಿಸಿ.

ಹೆಂಚಿನ ಮನೆಗೆ ಅತಿ ಕಡಿಮೆ ಖರ್ಚಿನ, ಅತಿ ಜಾಸ್ತಿ ಪ್ರಯೋಜನದ ಕೆಲಸ ಯಾವುದು ಅಂತ ಕೇಳಿದರೆ ನಾನು ಗಾಜಿನ ಹೆಂಚು ಅನ್ನುತ್ತೇನೆ. ನಮ್ಮ ಹಳೇ ಮನೆಗಳಲ್ಲಿ ಅಡುಗೆಮನೆ, ನಡುಮನೆ ಎರಡೂ ಹಗಲಲ್ಲೇ ಕತ್ತಲೆ. ಅಡುಗೆಮನೆ ಮೇಲೆ ಎರಡು, ನಡುಮನೆ ಮೇಲೆ ಎರಡು ಗಾಜಿನ ಹೆಂಚು ಕೂರಿಸಿ, ಹೊಗೆ ಹಿಡಿದ ಗೋಡೆಗೆ ಸುಣ್ಣ ಬಳಿಸಿ. ಅದೇ ಮನೆ ಅಂತ ಗುರುತು ಸಿಗುವುದಿಲ್ಲ.

ಇಂಥ ಮನೆಯಲ್ಲಿ ಏನು ಮಾಡಬಾರದು ಅನ್ನುವುದೇ ಮುಖ್ಯ. ಹಲಸಿನ ಮರದ ಬಾಗಿಲಿಗೆ ಆಯಿಲ್ ಪೇಂಟ್ ಬಳಿಯಬೇಡಿ. ಕಾವಿ ನೆಲದ ಮೇಲೆ ಟೈಲ್ಸ್ ಹಾಕಬೇಡಿ. ಹೆಂಚಿನ ಕೆಳಗೆ ಪ್ಲಾಸ್ಟಿಕ್ ಸೀಲಿಂಗ್ ಬಡಿಯಬೇಡಿ, ಬಂದವರು "ಇದರ ಹಿಂದೆ ಎಂತ ಇದೆ?" ಅಂತಲೇ ನೋಡುತ್ತಾರೆ. ಹೋಂಸ್ಟೇ ಮಾಡುವ ಲೆಕ್ಕದಲ್ಲಿ ಹಳೇ ಮನೆ ಹುಡುಕಿಕೊಂಡು ಬರುವವರಿಗೆ ಬೇಕಾಗಿರುವುದು ಆ ಮುಂಡಿಗೆ (ಕೆತ್ತಿದ ಮರದ ಕಂಬ), ಆ ಜಗಲಿ, ಆ ಕೆಂಪು ನೆಲವೇ. ಹಳೇ ಮರ ಕೊಳ್ಳುವ ವ್ಯಾಪಾರಿ ಬಂದು ಮುಂಡಿಗೆಗೆ ಒಳ್ಳೆ ಬೆಲೆ ಹೇಳಿದರೂ ಮನೆ ಮಾರಾಟ ಮುಗಿಯುವ ತನಕ ಕೊಡಬೇಡಿ.

ಗೋಡೆ, ಬಣ್ಣ, ಬಚ್ಚಲು

ಬಣ್ಣಕ್ಕೆ ಹಾಕಿದ ದುಡ್ಡು ವಾಪಸ್ ಬರುತ್ತದೆ, ಆದರೆ ಒಣಗಿದ ಗೋಡೆಗೆ ಹೊಡೆದಾಗ ಮಾತ್ರ. ಒಣಗಿದೆಯೋ ಇಲ್ಲವೋ ನೋಡಲು ಮೆಷಿನ್ ಬೇಡ. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಗೋಡೆಯಲ್ಲಿ ಇನ್ನೂ ನೀರಿದೆ. ಅದರ ಮೇಲೆ ಪುಟ್ಟಿ ಬಳಿದರೆ ಬಿಳಿ ಪುಡಿಯಾಗಿ ಉದುರುತ್ತದೆ. ಅದೇ ಕಾರಣಕ್ಕೆ ನಾನು ಹೊರಗಿನ ಬಣ್ಣವನ್ನು ಡಿಸೆಂಬರ್‌ಗೆ ಮುಂಚೆ ಶುರುಮಾಡುವುದಿಲ್ಲ.

ದುಬಾರಿ ಬಣ್ಣ ಬೇಡ, ಸಾಧಾರಣ ಎಮಲ್ಷನ್ ಸಾಕು. ತಿಳಿ ಬಣ್ಣ ಇರಲಿ. ಹಾಲಿನ ಒಂದು ಗೋಡೆಗೆ ಕಡು ನೇರಳೆ ಹೊಡೆಸುವುದು ನಿಮ್ಮ ಮಗಳ ಇಷ್ಟ ಇರಬಹುದು, ಕೊಳ್ಳುವವರ ಅತ್ತೆಗೆ ಅದು ಇಷ್ಟ ಆಗಬೇಕಲ್ಲ. ಪೂರ್ತಿ ಮನೆಗೆ ಆಗದಿದ್ದರೆ ಮುಂದಿನ ಗೋಡೆ, ಗೇಟು, ಜಗಲಿ, ಹಾಲು, ಇಷ್ಟಕ್ಕೆ ಹೊಡೆಸಿ. ರೂಮುಗಳನ್ನು ತೊಳೆದು ಬಿಡಿ.

ಬಚ್ಚಲಿನ ವಿಷಯದಲ್ಲಿ ಒಂದೇ ಪ್ರಶ್ನೆ: ಮನೆಯೊಳಗೆ, ವಯಸ್ಸಾದವರು ಕೂರಬಹುದಾದ ಕಮೋಡ್ ಇದೆಯಾ? ಹಿತ್ತಲಲ್ಲಿ ಮಾತ್ರ ಟಾಯ್ಲೆಟ್ ಇರುವ ಹಳೇ ಮನೆಗೆ ಒಳಗೊಂದು ಮಾಡಿಸುವುದು ಖರ್ಚಿನ ಕೆಲಸ, ಆದರೂ ಮಾಡಿಸಿ ಅನ್ನುತ್ತೇನೆ. ಅಪ್ಪ ಅಮ್ಮನನ್ನು ಜೊತೆಗಿಟ್ಟುಕೊಂಡವರು ಅದಿಲ್ಲ ಅಂದರೆ ಎರಡನೇ ಸಲ ಬರುವುದೇ ಇಲ್ಲ. ಆದರೆ ಇರುವ ಬಚ್ಚಲಿನ ಟೈಲ್ಸ್ ಹಳೇ ಡಿಸೈನು ಅಂತ ಕಿತ್ತು ಹೊಸದು ಹಾಕಿಸಬೇಡಿ. ಸಂದಿಯ ಕಪ್ಪು ಕೆರೆದು ಗ್ರೌಟ್ ತುಂಬಿಸಿ, ಸೋರುವ ನಲ್ಲಿ ಬದಲಿಸಿ. ಸೋಲಾರ್ ವಾಟರ್ ಹೀಟರ್ ಹೊಸದಾಗಿ ಹಾಕಿಸುವುದೂ ಬೇಡ. ಮಳೆಗಾಲದಲ್ಲಿ ಅದರ ಪಾಡು ಏನು ಅಂತ ಇಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ.

ವೈರಿಂಗ್ ಮುಟ್ಟುವುದಾದರೆ ಮೀಟರ್ ಬೋರ್ಡಿನ ಹತ್ತಿರ ಮುಟ್ಟಿ. ಹಳೇ ಫ್ಯೂಸ್ ತೆಗೆದು ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್ಚು), ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು) ಹಾಕಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. ನಮ್ಮ ಕಡೆಯ ಸಿಡಿಲು ಗೊತ್ತಲ್ಲ. ಇದು ಸಣ್ಣ ಖರ್ಚು, ನೋಡಿದವರಿಗೆ ಧೈರ್ಯ ಬರುತ್ತದೆ.

ಬೇಡವೇ ಬೇಡ ಅನ್ನುವ ಪಟ್ಟಿಯಲ್ಲಿ ಮೊದಲನೆಯದು ಮಾಡ್ಯುಲರ್ ಕಿಚನ್. ಪ್ಲೈವುಡ್ ನಮ್ಮ ಥಂಡಿಗೆ ಊದಿಕೊಳ್ಳುತ್ತದೆ ಅಂತ ಜನಕ್ಕೆ ಗೊತ್ತು. ಇರುವ ಕಲ್ಲಿನ ಕಟ್ಟೆ ಉಜ್ಜಿಸಿ, ಸಿಂಕಿನ ಕೆಳಗೆ ಒಣಗಿದೆಯಾ ನೋಡಿ, ಜಿರಳೆ ಔಷಧಿ ಹಾಕಿಸಿ. ಎರಡನೆಯದು ಇಂಟರ್‌ಲಾಕ್. ಮಲೆನಾಡಿನ ನೆರಳಲ್ಲಿ ಒಂದೇ ಮಳೆಗಾಲಕ್ಕೆ ಪಾಚಿ ಹಿಡಿದು ಜಾರುತ್ತದೆ. ಅಂಗಳದ ನೀರು ಗೋಡೆ ಬುಡಕ್ಕೆ ಬಾರದೆ ಚರಂಡಿಗೆ ಹೋಗುವ ಹಾಗೆ ಇಳಿಜಾರು ಮಾಡಿಸಿ, ಅದಕ್ಕೆ ಬೇಕಾದರೆ ದುಡ್ಡು ಹಾಕಿ. ಮೂರನೆಯದು ವಾಸ್ತುವಿಗಾಗಿ ಬಾಗಿಲು ಬದಲಿಸುವುದು. ಬರುವವರ ಪುರೋಹಿತರು ಬೇರೆ, ಅವರ ಲೆಕ್ಕವೂ ಬೇರೆ. ಬಾವಿ ಇದ್ದರೆ ಮಾತ್ರ ಏಪ್ರಿಲ್ ಕೊನೆಗೆ ಹೂಳು ತೆಗೆಸಿ. ಬೇಸಿಗೆಯ ಆ ಹೊತ್ತಿನಲ್ಲೂ ನೀರು ಇರುವುದನ್ನು ಬಂದವರಿಗೆ ಬಗ್ಗಿ ನೋಡಲು ಹೇಳಿ.

ಯಾವಾಗ ತೋರಿಸಬೇಕು, ಬಿಲ್ಲು ಯಾಕೆ ಇಡಬೇಕು

ಬಾವಿಯ ಹೂಳು ಬಿಟ್ಟು ಉಳಿದ ಕೆಲಸ ಎಲ್ಲಾ ಜನವರಿ ಹೊತ್ತಿಗೆ ಮುಗಿಯಲಿ. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ದುಡ್ಡು ಓಡಾಡುವ ಕಾಲ ಅದು. ಅಲ್ಲಿಂದ ಮೇ ತನಕ ಜನ ಮನೆ ನೋಡುತ್ತಾರೆ. ಆಷಾಢದಲ್ಲಿ ಯಾರೂ ಅಡ್ವಾನ್ಸ್ ಕೊಡುವುದಿಲ್ಲ. ಆದರೆ ಜಾಣರು ಪುಷ್ಯ ಮಳೆಯಲ್ಲಿ ಛತ್ರಿ ಹಿಡಿದು ಸುಮ್ನೆ ಒಮ್ಮೆ ನೋಡಿ ಹೋಗುತ್ತಾರೆ. ಸೋರದ ಮನೆಯಾದರೆ ನೀವೇ ಅವರನ್ನು ಮಳೆಯಲ್ಲಿ ಕರೆಯಿರಿ.

ಖರ್ಚಿನ ಬಿಲ್ಲುಗಳನ್ನು ಬಿಸಾಡಬೇಡಿ. 24 ತಿಂಗಳಿಗಿಂತ ಜಾಸ್ತಿ ಕಾಲ ನಿಮ್ಮ ಹತ್ತಿರ ಇದ್ದ ಮನೆ ಮಾರಿದರೆ ಬರುವ ಲಾಭ ದೀರ್ಘಾವಧಿ ಲಾಭ. 2024ರ ಜುಲೈ 23ರಿಂದ ಅದಕ್ಕೆ 12.5% ತೆರಿಗೆ. ಆ ದಿನಕ್ಕಿಂತ ಮುಂಚೆ ಕೊಂಡ ಮನೆಯಾದರೆ, ಭಾರತದಲ್ಲೇ ವಾಸವಿರುವ ವ್ಯಕ್ತಿಗಳಿಗೆ ಹಳೆಯ 20% ಇಂಡೆಕ್ಸೇಷನ್ (ಬೆಲೆ ಏರಿಕೆಗೆ ತಕ್ಕಂತೆ ಕೊಂಡ ಬೆಲೆಯನ್ನು ಹೆಚ್ಚಿಸಿ ಹಿಡಿಯುವ) ಲೆಕ್ಕದ ಜೊತೆ ಹೋಲಿಸಿ ಕಡಿಮೆ ಬರುವುದನ್ನು ಕಟ್ಟುವ ಅವಕಾಶ ಇದೆ. ಎರಡರಲ್ಲೂ ಮನೆಗೆ ಹೊಸದಾಗಿ ಸೇರಿಸಿದ ಕೆಲಸಗಳ ಖರ್ಚನ್ನು, ಉದಾಹರಣೆಗೆ ಒಳಗೆ ಕಟ್ಟಿಸಿದ ಟಾಯ್ಲೆಟ್ ಖರ್ಚನ್ನು, ಲಾಭದಿಂದ ಕಳೆಯಬಹುದು. ಬಣ್ಣ, ಸಣ್ಣಪುಟ್ಟ ರಿಪೇರಿ ಸಾಮಾನ್ಯವಾಗಿ ಆ ಲೆಕ್ಕಕ್ಕೆ ಬರುವುದಿಲ್ಲ. 2001ರ ಏಪ್ರಿಲ್ 1ಕ್ಕಿಂತ ಹಿಂದಿನ ಖರ್ಚೂ ಬರುವುದಿಲ್ಲ. ಬ್ರೋಕರ್ ಕಮಿಷನ್ ಕಳೆಯಬಹುದು, ಅದಕ್ಕೂ ರಸೀದಿ ತೆಗೆದುಕೊಳ್ಳಿ. ಉಳಿದದ್ದನ್ನು ಆಡಿಟರ್ ಹತ್ತಿರ ಕೇಳಿ.

ಇನ್ನೊಂದು. ಕರಾರು ಪತ್ರ ಬರೆಸುವಾಗ ಮನೆಯ ಜೊತೆ ಏನೇನು ಹೋಗುತ್ತದೆ ಅಂತ ಪಟ್ಟಿ ಮಾಡಿ. ಬಾವಿಯ ಪಂಪು, ಯುಪಿಎಸ್, ಫ್ಯಾನು, ತಾರಸಿ ಮೇಲಿನ ಟ್ಯಾಂಕು. ಬಚ್ಚಲ ಒಲೆಯ ತಾಮ್ರದ ಹಂಡೆಯನ್ನಂತೂ ಬರೆಯಲೇಬೇಕು. ಲಕ್ಷಗಟ್ಟಲೆಯ ವ್ಯವಹಾರ ಸಲೀಸಾಗಿ ಮುಗಿದು, ಹಂಡೆ ನಮ್ಮದು ಅಂತ ಇವರು, ಒಲೆಗೆ ಕೂರಿಸಿದ್ದು ಮನೆಗೇ ಸೇರಿದ್ದು ಅಂತ ಅವರು, ಸಾಮಾನು ತುಂಬಿದ ಲಾರಿ ಮುಂದೆ ನಿಂತು ಜಗಳ ಆಡಿದ್ದನ್ನು ನಾನು ನೋಡಿದ್ದೇನೆ. ಹಂಡೆ ನಿಮಗೆ ಬೇಕಾದರೆ ಮನೆ ತೋರಿಸಲು ಶುರು ಮಾಡುವ ಮುಂಚೆಯೇ ಬಿಚ್ಚಿಸಿ, ಆ ಜಾಗಕ್ಕೆ ಒಂದು ಅಲ್ಯೂಮಿನಿಯಂ ಹಂಡೆ ಕೂರಿಸಿಬಿಡಿ.